ಬೀಳು ಬಿಟ್ಟ ಹೆಸರುಗಳು: ಸೊಲ್ಲಾಪುರ–ಅಕ್ಕಲಕೋಟೆ ಸೀಮೆ ಮತ್ತು ಡೊಮೇನ್ ವಿಳಾಸಗಳು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

ಅಂತರಜಾಲದಲ್ಲಿ ಒಂದು ತಾಣವನ್ನು ಗುರುತಿಸಲು ಮನುಷ್ಯರು ಓದಿ ನೆನಪಿಟ್ಟುಕೊಳ್ಳಬಲ್ಲ ಅಕ್ಷರಗಳಲ್ಲಿ ಬರೆದ ವಿಳಾಸಕ್ಕೆ ಡೊಮೇನ್ ಹೆಸರು ಎನ್ನುತ್ತಾರೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ಸಾಲಿನಿಂದ. ಆ ಅಂಕಿಗಳಿಗೂ ಮನುಷ್ಯರ ಅಕ್ಷರಗಳಿಗೂ ನಂಟು ಕಟ್ಟುವ ವ್ಯವಸ್ಥೆಯನ್ನು ಅಮೆರಿಕದ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದಕ್ಕೆ ಮೊದಲು ಜಾಲದಲ್ಲಿದ್ದ ಎಲ್ಲ ಯಂತ್ರಗಳ ಹೆಸರುಗಳನ್ನೂ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು, ಬೇಕಾದವರು ಅದರ ನಕಲನ್ನು ತರಿಸಿಕೊಳ್ಳುತ್ತಿದ್ದರು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪನಿ ಡಾಟ್ ಕಾಮ್ ಕೊನೆಯುಳ್ಳ ಮೊದಲ ಹೆಸರನ್ನು ನೋಂದಾಯಿಸಿತು. ಇಂದು ಎಲ್ಲ ಬಗೆಯ ಕೊನೆಗಳನ್ನೂ ಕೂಡಿಸಿದರೆ ಜಗತ್ತಿನಲ್ಲಿ 36 ಕೋಟಿಗೂ ಹೆಚ್ಚು ಹೆಸರುಗಳು ನೋಂದಣಿಯಲ್ಲಿವೆ. ಇವುಗಳಲ್ಲಿ ಎಷ್ಟೋ ಹೆಸರುಗಳ ಹಿಂದೆ ತಾಣವೇ ಇಲ್ಲ. ಕೆಲವು ಹೆಸರುಗಳನ್ನು ಬ್ರೌಸರಿನಲ್ಲಿ ಬರೆದರೆ ಏನೂ ತೆರೆಯುವುದಿಲ್ಲ. ಇವು ಬಳಕೆಯಾಗದ ಹೆಸರುಗಳು. ಇನ್ನು ಕೆಲವನ್ನು ಬರೆದರೆ ಜಾಹೀರಾತುಗಳ ಪಟ್ಟಿಯೋ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಫಲಕವೋ ಕಾಣುತ್ತದೆ. ಇವಕ್ಕೆ ಪಾರ್ಕ್ ಮಾಡಿದ, ಎಂದರೆ ತಂದು ನಿಲ್ಲಿಸಿಟ್ಟ, ಹೆಸರುಗಳೆಂದು ಕರೆಯುವ ರೂಢಿಯಿದೆ.

ಬಳಕೆಯಾಗದ್ದೆಲ್ಲ ವ್ಯರ್ಥ ಎಂದು ತಿಳಿಯುವವರು ಆಷಾಢ ಶ್ರಾವಣದಲ್ಲಿ ಸೊಲ್ಲಾಪುರ ಜಿಲ್ಲೆಯ ಎರೆ ಹೊಲಗಳನ್ನು ನೋಡಬೇಕು. ಸುತ್ತ ಮಳೆಗಾಲವಿದ್ದರೂ ಅನೇಕ ಹೊಲಗಳು ಖಾಲಿಯಾಗಿ ಬಿದ್ದಿರುತ್ತವೆ. ಹೊಸಬರಿಗೆ ಅವು ಪಡ ಬಿದ್ದಂತೆ ತೋರುತ್ತವೆ. ಆದರೆ ರೈತರು ಅವನ್ನು ಮತ್ತೆ ಮತ್ತೆ ಹರಗಿ, ಕಸ ತೆಗೆದು, ಮಳೆಯ ಹಸಿಯನ್ನು ನೆಲದೊಳಗೆ ಹಿಡಿದಿಟ್ಟು, ಹಿಂಗಾರಿ ಬಂದಾಗ ಬಿಳಿಜೋಳ ಬಿತ್ತುತ್ತಾರೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಮಂಗಳವೇಢೆಯ ಜೋಳವೂ ಇಂಥ ನೆಲದ ಬೆಳೆಯೇ. ಇದರ ಪಕ್ಕದಲ್ಲಿಯೇ ವಾರಸುದಾರರ ಜಗಳದಿಂದಲೋ ಒಡೆಯ ಊರು ಬಿಟ್ಟದ್ದರಿಂದಲೋ ನಿಜವಾಗಿ ಬೀಳು ಬಿದ್ದ ಹೊಲವೂ ಇರಬಹುದು, ದಾರಿಯಲ್ಲಿ ಹೋಗುವವನ ಕಣ್ಣಿಗೆ ಎರಡೂ ಒಂದೇ. ಡೊಮೇನ್ ಹೆಸರುಗಳ ವಿಚಾರದಲ್ಲಿಯೂ ಖಾಲಿತನವೊಂದೇ ಏನನ್ನೂ ಹೇಳುವುದಿಲ್ಲ. ಹಿಡಿದವರು ಯಾರು, ಯಾತಕ್ಕಾಗಿ ಹಿಡಿದರು, ಬಿಟ್ಟರೆ ಅಲ್ಲಿ ಯಾರು ಬಂದು ಕೂಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ತೀರ್ಮಾನಕ್ಕೆ ಬರಲು ಸಾಧ್ಯ. ಕಾವಲಿಗಾಗಿ ಖಾಲಿ ಇಟ್ಟ ಹೆಸರು ತಪ್ಪಲ್ಲ, ಮಾರಲು ಇಟ್ಟ ಹೆಸರು ಕೆಲವೊಮ್ಮೆ ಮಾತ್ರ ತಪ್ಪು, ಹಿಂದೆ ಬಳಸಿ ಈಗ ಕೈಬಿಟ್ಟ ಹೆಸರೇ ಎಲ್ಲಕ್ಕಿಂತ ಅಪಾಯದ್ದು ಎಂಬುದು ಈ ಉಪನ್ಯಾಸದ ವಾದ.

ಹೆಸರಿನ ಮೇಲೆ ಹಿಡಿದವರಿಗೆ ಇರುವ ಹಕ್ಕು ಯಾವ ಬಗೆಯದು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ‘ಡೊಮೇನ್ ಕೊಂಡೆವು’ ಎಂಬ ಮಾತು ರೂಢಿಯಲ್ಲಿದ್ದರೂ ಅದು ಸರಿಯಾದ ಮಾತಲ್ಲ. ಡೊಮೇನ್ ಹೆಸರು ವತನದಂತೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಆಸ್ತಿಯಲ್ಲ. ಅದು ಲಾವಣಿ—ಹಾಡುವ ಲಾವಣಿಯಲ್ಲ, ಹೊಲವನ್ನು ವರ್ಷಕ್ಕಿಷ್ಟು ಎಂದು ಮಾತಾಡಿಕೊಂಡು ಉಳುಮೆಗೆ ಹಿಡಿಯುವ ಲಾವಣಿ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಹಿಡಿಯಬಹುದು, ಅವಧಿ ಮುಗಿಯುವ ಮುನ್ನ ಹಣ ಕಟ್ಟಿ ಮುಂದುವರಿಸಬೇಕು. ಇದರಲ್ಲಿ ಮೂವರು ಪಾತ್ರಧಾರಿಗಳಿದ್ದಾರೆ. ಒಂದು ಕೊನೆಯ ಎಲ್ಲ ಹೆಸರುಗಳ ಮೂಲ ದಫ್ತರವನ್ನು ಇಟ್ಟುಕೊಂಡಿರುವ ಸಂಸ್ಥೆ ರಿಜಿಸ್ಟ್ರಿ; ಜನರಿಂದ ಹಣ ಪಡೆದು ಆ ದಫ್ತರದಲ್ಲಿ ಹೆಸರು ಬರೆಸಿಕೊಡುವ ವ್ಯಾಪಾರಿ ರಿಜಿಸ್ಟ್ರಾರ್; ಹೆಸರನ್ನು ಹಿಡಿದವರು ರಿಜಿಸ್ಟ್ರಂಟ್. ಡಾಟ್ ಇನ್ ಕೊನೆಯ ದಫ್ತರ ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಕೇಂದ್ರದ್ದು, ಎಂದರೆ ನಿಕ್ಸಿಯದ್ದು. 2004ರ ಕೊನೆಯವರೆಗೆ ಬಿಗಿ ನಿಯಮಗಳಿದ್ದುದರಿಂದ ಡಾಟ್ ಇನ್‌ನಲ್ಲಿ ಇದ್ದ ಹೆಸರುಗಳು ಸುಮಾರು 7,000 ಮಾತ್ರ. 2005ರ ಆರಂಭದಲ್ಲಿ ಮೊದಲು ಭಾರತದ ಟ್ರೇಡ್‌ಮಾರ್ಕ್ ಒಡೆಯರಿಗೆ, ಆಮೇಲೆ ಎಲ್ಲರಿಗೂ ಬಾಗಿಲು ತೆರೆದ ಮೇಲೆ ಸಂಖ್ಯೆ ಏರುತ್ತ ಹೋಗಿ ಈಗ 40 ಲಕ್ಷದ ಆಸುಪಾಸಿನಲ್ಲಿದೆ.

ಮಹಾರಾಷ್ಟ್ರದ ರೈತರಿಗೆ ಹೊಲದ ಒಡೆತನ ತೋರಿಸುವ ಸಾತ್‌ಬಾರಾ ಉತಾರ ಎಂಥದೋ ಡೊಮೇನ್ ಹೆಸರಿಗೆ ‘ಹೂ ಈಸ್’ ಎಂಬ ದಾಖಲೆ ಅಂಥದು. ಯಾರ ಹೆಸರಿನಲ್ಲಿದೆ, ಎಂದು ನೋಂದಾಯಿತು, ಎಂದು ಮುಗಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಇದರಲ್ಲಿ ನೋಡಬಹುದಾಗಿತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಬಹಳಷ್ಟು ಕೊನೆಗಳಲ್ಲಿ ಒಡೆಯನ ಹೆಸರಿನ ಅಂಕಣಕ್ಕೆ ಪರದೆ ಬಿತ್ತು. 2025ರ ಜನವರಿಯಲ್ಲಿ ಡಾಟ್ ಕಾಮ್‌ನಂಥ ಸಾಮಾನ್ಯ ಕೊನೆಗಳಿಗೆ ಹಳೆಯ ಹೂ ಈಸ್ ಪದ್ಧತಿಯ ಕಡ್ಡಾಯವೇ ಹೋಗಿ ಬೇರೊಂದು ಪದ್ಧತಿ ಬಂತು. ಡಾಟ್ ಇನ್‌ನಲ್ಲಿ ಬೇರೆಯವರ ಹೆಸರಿನ ಮರೆಯಲ್ಲಿ ನೋಂದಾಯಿಸುವ ಸೇವೆಗೆ ನಿಕ್ಸಿ ಅವಕಾಶ ಕೊಟ್ಟಿಲ್ಲ. ಉತಾರದಲ್ಲಿ ಖಾತೆದಾರನ ಹೆಸರನ್ನು ಮಸಿ ಬಳಿದು ಮುಚ್ಚಿದರೆ ತಲಾಠಿಯ ಕಚೇರಿಯ ಮುಂದೆ ಎಂಥ ಗದ್ದಲವೇಳುತ್ತದೆ ಎಂಬುದನ್ನು ಬಲ್ಲವರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ.

ಖಾಲಿ ಹೆಸರಿನಿಂದ ಹಣ ಹುಟ್ಟುವ ಬಗೆ ಸರಳವಾಗಿದೆ. ಜನ ಹುಡುಕುಯಂತ್ರಕ್ಕೆ ಹೋಗದೆ ಅಂದಾಜಿನ ಮೇಲೆ ವಿಳಾಸವನ್ನು ನೇರವಾಗಿ ಬರೆಯುತ್ತಾರೆ, ಇಲ್ಲವೇ ಬರೆಯುವಾಗ ಒಂದಕ್ಷರ ತಪ್ಪುತ್ತಾರೆ. ಹಾಗೆ ಬಂದವರಿಗೆ ಜಾಹೀರಾತು ತೋರಿಸಿದರೆ ಒಬ್ಬೊಬ್ಬರ ಒತ್ತಿಗೂ ಜಾಹೀರಾತುದಾರ ಒಂದಷ್ಟು ಹಣ ಕೊಡುತ್ತಾನೆ. ಹೆಸರು ನೋಂದಾಯಿಸಿದ ಮೊದಲ 5 ದಿನಗಳಲ್ಲಿ ಅದನ್ನು ಹಿಂದಿರುಗಿಸಿ ಹಣ ಮರಳಿ ಪಡೆಯುವ ಸೌಕರ್ಯ ಡಾಟ್ ಕಾಮ್ ಮುಂತಾದವುಗಳಲ್ಲಿತ್ತು. ಅದನ್ನೇ ಬಳಸಿ ಕೆಲವರು ಲಕ್ಷಗಟ್ಟಲೆ ಹೆಸರುಗಳನ್ನು ಹಿಡಿದು, 5 ದಿನ ರುಚಿ ನೋಡಿ, ಜನ ಬಾರದವುಗಳನ್ನು ಬಿಟ್ಟುಬಿಡುತ್ತಿದ್ದರು. ಹೆಸರುಗಳ ಜಾಗತಿಕ ಆಡಳಿತ ಸಂಸ್ಥೆಯಾದ ಐಕ್ಯಾನ್ 2008–09ರಲ್ಲಿ ಹೀಗೆ ಮರಳಿಸಿದ ಹೆಸರುಗಳಿಗೂ ದರ ವಿಧಿಸಿದ್ದೇ ತಡ ಈ ಆಟ ಬಹುತೇಕ ನಿಂತುಹೋಯಿತು. ಧರ್ಮೋಪದೇಶದಿಂದ ನಿಲ್ಲದ್ದು ಸಣ್ಣ ಶುಲ್ಕದಿಂದ ನಿಂತಿತು.

ಈಗ ಸೊಲ್ಲಾಪುರದ ಹೆಸರಿಗೆ ಬರಬಹುದು. ಈ ಸೀಮೆಯ ವಿಶೇಷವೆಂದರೆ ಇಲ್ಲಿ ಒಂದು ಊರಿಗೆ ಒಂದೇ ಹೆಸರಿಲ್ಲ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಊರು ಸೊನ್ನಲಿಗೆ. ಇಂದು ಮರಾಠಿಯಲ್ಲಿ ಸೋಲಾಪುರ, ಕನ್ನಡದಲ್ಲಿ ಸೊಲ್ಲಾಪುರ, ಬ್ರಿಟಿಷರ ಕಾಲದ ಇಂಗ್ಲಿಷ್ ಕಾಗದಪತ್ರಗಳಲ್ಲಿ ಶೋಲಾಪುರ. ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಯನ್ನು ಕನ್ನಡದವರೇ ಅಕ್ಕಲಕೋಟ ಎಂದೂ ಬರೆಯುತ್ತಾರೆ. ರೋಮನ್ ಅಕ್ಷರಗಳಿಗೆ ಇಳಿಸುವಾಗ ‘ಕ’ದ ಒತ್ತು ಉಳಿಯುತ್ತದೆಯೋ ಇಲ್ಲವೋ, ನಡುವಿನ ‘ಲ’ಕಾರಕ್ಕೆ ಸ್ವರ ಸೇರುತ್ತದೆಯೋ ಇಲ್ಲವೋ, ಕೊನೆಯಲ್ಲಿ ಎಕಾರ ಬರುತ್ತದೆಯೋ ಅಕಾರವೋ ಎಂಬುದರ ಮೇಲೆ ಐದಾರು ರೂಪಗಳು ಹುಟ್ಟುತ್ತವೆ. ಮಾತಿನಲ್ಲಿ ಇವು ಯಾವ ತೊಡಕನ್ನೂ ತರುವುದಿಲ್ಲ, ಬಸ್ಸಿನ ಕಂಡಕ್ಟರ್ ಎಲ್ಲ ಉಚ್ಚಾರಗಳಿಗೂ ಒಂದೇ ಟಿಕೀಟು ಹರಿದು ಕೊಡುತ್ತಾನೆ. ಯಂತ್ರ ಹಾಗಲ್ಲ, ಒಂದು ಅಕ್ಷರ ಬೇರೆಯಾದರೆ ಅದಕ್ಕೆ ಅದು ಬೇರೆ ಊರು. ಮೂರು ರೂಪಗಳನ್ನು ಡಾಟ್ ಕಾಮ್, ಡಾಟ್ ಇನ್, ಡಾಟ್ ಆರ್ಗ್, ಡಾಟ್ ಕೋ ಡಾಟ್ ಇನ್ ಎಂಬ ನಾಲ್ಕು ಕೊನೆಗಳಲ್ಲಿ ಕಾಯ್ದುಕೊಳ್ಳಹೊರಟರೆ ಒಂದು ಸಂಸ್ಥೆ 12 ಹೆಸರುಗಳ ಲಾವಣಿ ಕಟ್ಟಬೇಕು, ಅವುಗಳಲ್ಲಿ 11 ಕೇವಲ ಕಾವಲಿನವು. ವರ್ಷಕ್ಕೆ ಹೆಸರಿಗೆ ಕೆಲವು ನೂರು ರೂಪಾಯಿಯಾದರೂ ದೊಡ್ಡ ಬ್ಯಾಂಕಿಗೆ ಇದು ಲೆಕ್ಕಕ್ಕಿಲ್ಲ. ನೇಕಾರರ ಸಣ್ಣ ಸೊಸಾಯಿಟಿಗೆ, ಗಡಿಭಾಗದ ಒಂದು ಕನ್ನಡ ಸಂಘಕ್ಕೆ ಇದು ಭಾರವೇ.

ಸಂಸ್ಥೆಯ ಹೆಸರು ಬದಲಾದಾಗ ಈ ತೊಡಕು ಇನ್ನೊಂದು ರೂಪ ತಾಳುತ್ತದೆ. 2004ರಲ್ಲಿ ಸ್ಥಾಪನೆಯಾದ ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ 2019ರಲ್ಲಿ ಪುಣ್ಯಶ್ಲೋಕ ಅಹಲ್ಯಾದೇವಿ ಹೋಳ್ಕರ್ ಅವರ ಹೆಸರು ಬಂತು. ಆದರೆ ಹಳೆಯ ಹೆಸರಿನ ಮೊದಲಕ್ಷರಗಳಿಂದ ಮಾಡಿದ ಎಸ್‌ಯುಎಸ್ ಡಾಟ್ ಎಸಿ ಡಾಟ್ ಇನ್ ಎಂಬ ವಿಳಾಸ ಆಮೇಲೂ ಬಳಕೆಯಲ್ಲಿ ಉಳಿಯಿತು. ಇದನ್ನು ಅಲಕ್ಷ್ಯವೆಂದು ಟೀಕಿಸುವವರು ಇರಬಹುದು, ಆದರೆ ಪದವಿಪತ್ರ, ಪ್ರಬಂಧ, ಮಿಂಚಂಚೆಗಳಲ್ಲಿ ಬರೆದುಹೋದ ವಿಳಾಸವನ್ನು ಬಿಡದೆ ಇಟ್ಟುಕೊಳ್ಳುವುದೇ ಜಾಣತನ.

ಕನ್ನಡ ಲಿಪಿಯಲ್ಲಿಯೇ ವಿಳಾಸ ಬರೆಯುವಂತಾದರೆ ಈ ರೋಮನ್ ಗೊಂದಲ ತಪ್ಪುತ್ತದೆಯಲ್ಲವೇ ಎಂದು ಕೇಳಬಹುದು. ಅದಕ್ಕೆ ದಾರಿಯೂ ಆಗಿದೆ. 2014ರ ಆಗಸ್ಟ್ 27ರಂದು ದೇವನಾಗರಿಯ ‘ಡಾಟ್ ಭಾರತ’ ಕೊನೆಯನ್ನು ಸರಕಾರ ಬಿಡುಗಡೆ ಮಾಡಿತು. ಕನ್ನಡ, ತೆಲುಗು, ಉರ್ದು ಸೇರಿ ಇತರ ಲಿಪಿಗಳ ಕೊನೆಗಳೂ ಕ್ರಮೇಣ ಬಂದವು. ಹೆಸರಿನ ವ್ಯವಸ್ಥೆಯ ತಳಹದಿ ಮಾತ್ರ ಇಂದಿಗೂ ರೋಮನ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳದೇ. ಕನ್ನಡದಲ್ಲಿ ಬರೆದ ಹೆಸರನ್ನು ಬ್ರೌಸರು ಒಳಗೊಳಗೇ ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೋಮನ್ ಸಾಲಾಗಿ ಪರಿವರ್ತಿಸುತ್ತದೆ. ಪ್ಯೂನಿಕೋಡ್ ಎನ್ನುವ ಈ ಪದ್ಧತಿ 2003ರಲ್ಲಿ ನಿಗದಿಯಾಯಿತು. ಎರಡು ಚುಕ್ಕೆಗಳ ನಡುವಿನ ತುಂಡು 63 ಅಕ್ಷರಗಳನ್ನು ಮೀರಬಾರದು ಎಂಬ ಮಿತಿಯೂ ಇದೆ. ಸಿದ್ಧರಾಮನ ಅಂಕಿತವಾದ ಕಪಿಲಸಿದ್ಧಮಲ್ಲಿಕಾರ್ಜುನವನ್ನು ರೋಮನ್‌ನಲ್ಲಿ ಬರೆದರೆ 24 ಅಕ್ಷರವಾಗುತ್ತದೆ, ಆ ಮಿತಿಯೊಳಗೆ ನೆಮ್ಮದಿಯಾಗಿ ಹಿಡಿಯುತ್ತದೆ. ಅಂಕಿತವೂ ಒಂದು ಬಗೆಯ ವಿಳಾಸವೇ ಎಂಬುದನ್ನು ಇಲ್ಲಿ ನೆನೆಯಬಹುದು: ಯಾವ ದಫ್ತರವೂ ಶುಲ್ಕವೂ ಇಲ್ಲದೆ ವಚನಕಾರರು ಒಬ್ಬರ ಅಂಕಿತವನ್ನು ಇನ್ನೊಬ್ಬರು ಸಾಮಾನ್ಯವಾಗಿ ಮುಟ್ಟದೆ ಎಂಟು ನೂರು ವರ್ಷ ಬಾಳಿಕೆ ಬರುವ ಹೆಸರುಗಳನ್ನು ಇಟ್ಟುಕೊಂಡಿದ್ದರು.

ಆದರೆ ಲಿಪಿ ಬದಲಾದ ಮಾತ್ರಕ್ಕೆ ಕಾವಲು ಕಡಿಮೆಯಾಗುವುದಿಲ್ಲ, ಸೊಲ್ಲಾಪುರದಲ್ಲಂತೂ ಹೆಚ್ಚುತ್ತದೆ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಭಾಷೆಗಳ ಜನ ಒಂದೇ ಪೇಟೆಯಲ್ಲಿ ವ್ಯವಹರಿಸುವ ಈ ನಗರದಲ್ಲಿ ನಾಲ್ಕು ಲಿಪಿಗಳ ‘ಭಾರತ’ ಕೊನೆಗಳಿಗೂ ಓದುಗರಿದ್ದಾರೆ. ಅದರಲ್ಲಿಯೂ ಕನ್ನಡ ಲಿಪಿ ಮತ್ತು ಮಗ್ಗದ ಕಸುಬಿನ ಪದ್ಮಶಾಲಿಗಳ ತೆಲುಗು ಲಿಪಿ ಅವಳಿಗಳಂತಿವೆ. ಎರಡೂ ಲಿಪಿಗಳ ‘ಗ’, ‘ರ’, ‘ಲ’ಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಭೇದ ತಿಳಿಯುವುದು ಕಷ್ಟ, ಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ಭಾರತೀಯ ಲಿಪಿಗಳ ಹೆಸರುಗಳಿಗೆ ನಿಯಮ ರೂಪಿಸಿದ ತಜ್ಞರ ಮಂಡಳಿ 2019ರ ತನ್ನ ಕನ್ನಡ ಪ್ರಸ್ತಾವದಲ್ಲಿ ಇಂಥ ಕನ್ನಡ–ತೆಲುಗು ಜೋಡಿಗಳನ್ನು ಪರಸ್ಪರ ಪರ್ಯಾಯಗಳೆಂದು ಗುರುತಿಸಿದ್ದು ಇದೇ ಕಾರಣಕ್ಕೆ. ಜೊತೆಗೆ, ಕನ್ನಡ ವಿಳಾಸವನ್ನು ಅಭಿಮಾನದಿಂದ ಹಿಡಿದವರು ಅದನ್ನು ಬಳಸಹೊರಟಾಗ ಅನೇಕ ಅರ್ಜಿ ನಮೂನೆಗಳು ಕನ್ನಡದ ಮಿಂಚಂಚೆ ವಿಳಾಸವನ್ನು ‘ತಪ್ಪು’ ಎಂದು ತಿರಸ್ಕರಿಸುತ್ತವೆ. ಬಳಸಲು ಬಾರದ್ದು ಬೀಳು ಬೀಳುತ್ತದೆ. ಕನ್ನಡದವರ ನಿರಾಸಕ್ತಿಯನ್ನು ಹಳಿಯುವ ಮುನ್ನ ಈ ತಾಂತ್ರಿಕ ಕಾರಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಹಿಡಿದಿಟ್ಟು ಬಳಸದೆ ಇರುವ ಹಕ್ಕು ಒಡೆಯನಿಗೆ ಎಷ್ಟರ ಮಟ್ಟಿಗೆ ಇದೆ ಎಂಬುದು ಈ ವಿಷಯದ ತಿರುಳು. ಆಶ್ಚರ್ಯವೆಂದರೆ ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಹು ಮೊದಲೇ ಬಂದದ್ದು ಸೊಲ್ಲಾಪುರದಿಂದಲೇ. ಊರಿನವರು ಜುನಿ ಮಿಲ್ಲು ಎಂದು ಕರೆಯುತ್ತಿದ್ದ ಶೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಹುಟ್ಟಿದ್ದು. ಸಾವಿರಾರು ಕೂಲಿಕಾರರ ಬದುಕು ಅದರ ಭೋಂಗಾದ ಸದ್ದಿಗೆ ಕಟ್ಟಿಕೊಂಡಿತ್ತು. ಆಡಳಿತದ ಅವ್ಯವಸ್ಥೆಯಿಂದ 1949ರ ಆಗಸ್ಟಿನಲ್ಲಿ ಗಿರಣಿಗೆ ಬೀಗ ಬಿತ್ತು. 1950ರ ಜನವರಿಯಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಆಮೇಲೆ ಅದೇ ವರ್ಷ ಈ ಒಂದೇ ಕಂಪನಿಗಾಗಿ ಕಾಯಿದೆ ಮಾಡಿ, ಆಡಳಿತವನ್ನು ತಾನು ನೇಮಿಸಿದ ನಿರ್ದೇಶಕರ ಕೈಗೆ ಕೊಟ್ಟಿತು. ಒಬ್ಬ ಷೇರುದಾರ ಇದನ್ನು ಪ್ರಶ್ನಿಸಿದ ಚಿರಂಜಿತ್‌ಲಾಲ್ ಚೌಧುರಿ ಪ್ರಕರಣದಲ್ಲಿ 1950ರ ಡಿಸೆಂಬರ್ 4ರಂದು ಐವರು ನ್ಯಾಯಮೂರ್ತಿಗಳ ಪೀಠ ಮೂವರ ಬಹುಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ಒಂದೇ ಕಂಪನಿಯನ್ನು ಗುರಿಯಾಗಿಸಿ ಕಾಯಿದೆ ಮಾಡಿದರೂ ಅದರ ಸ್ಥಿತಿ ಬೇರೆಯವುಗಳಿಗಿಂತ ವಿಶಿಷ್ಟವಾಗಿದ್ದರೆ ಸಮಾನತೆಗೆ ಭಂಗವಿಲ್ಲ ಎಂಬುದು ಆ ತೀರ್ಪಿನಿಂದ ನಿಂತುಬಂದ ಸೂತ್ರ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ನಿರ್ದೇಶಕರು ಷೇರುಗಳ ಬಾಕಿ ಹಣ ಕಟ್ಟಲು ಹೇಳಿದಾಗ ಇನ್ನೊಬ್ಬ ಷೇರುದಾರ ಮೊಕದ್ದಮೆ ಹೂಡಿದರು. ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣವೆಂದು ಕಾನೂನಿನ ವಿದ್ಯಾರ್ಥಿಗಳು ಓದುವ ಈ ವ್ಯಾಜ್ಯದಲ್ಲಿ 1953ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಆಡಳಿತ ವಹಿಸಿಕೊಳ್ಳುವ ನೆಪದಲ್ಲಿ ಸರಕಾರ ವಾಸ್ತವವಾಗಿ ಆಸ್ತಿಯನ್ನೇ ಕಿತ್ತುಕೊಂಡಿದೆ, ಪರಿಹಾರ ಕೊಡದೆ ಹಾಗೆ ಮಾಡುವಂತಿಲ್ಲ ಎಂದು ಷೇರುದಾರನ ಪರವಾಗಿ ಹೇಳಿತು. ಇಂಥ ತೀರ್ಪುಗಳ ಬೆನ್ನಿಗೇ 1955ರಲ್ಲಿ ಸಂವಿಧಾನದ ನಾಲ್ಕನೆಯ ತಿದ್ದುಪಡಿ ಬಂದು, ಸಾರ್ವಜನಿಕ ಹಿತಕ್ಕಾಗಿಯೋ ಸರಿಯಾದ ನಿರ್ವಹಣೆಗಾಗಿಯೋ ಯಾವುದೇ ಆಸ್ತಿಯ ಆಡಳಿತವನ್ನು ನಿಗದಿತ ಅವಧಿಗೆ ಸರಕಾರ ವಹಿಸಿಕೊಳ್ಳಲು ದಾರಿ ಮಾಡಿತು. ಬೀಗ ಹಾಕಿದ ಒಂದು ಗಿರಣಿಯ ಸುತ್ತ ಆರು ವರ್ಷಗಳಲ್ಲಿ ಕಾನೂನು ಮೂರು ಸಲ ಹೊರಳಿತು. ಬಳಸದೆ ಇಡುವ ಹಕ್ಕನ್ನು ಒಂದೇ ಮಾತಿನಲ್ಲಿ ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಡೊಮೇನ್ ಹೆಸರುಗಳ ಲೋಕದಲ್ಲಿ ಇದೇ ಪ್ರಶ್ನೆ 2000ದ ಆರಂಭದಲ್ಲಿ ಎದ್ದಿತು. 1999ರಲ್ಲಿ ಐಕ್ಯಾನ್ ಜಾರಿಗೆ ತಂದ ಏಕರೂಪದ ವ್ಯಾಜ್ಯ ನೀತಿಯ ಪ್ರಕಾರ ದೂರುದಾರರು ಮೂರು ಸಂಗತಿಗಳನ್ನು ಸಾಧಿಸಬೇಕು: ಹೆಸರು ತಮ್ಮ ಟ್ರೇಡ್‌ಮಾರ್ಕಿನಂತೆಯೇ ಇದೆ, ಹಿಡಿದವರಿಗೆ ಅದರ ಮೇಲೆ ನ್ಯಾಯವಾದ ಹಿತಾಸಕ್ತಿಯಿಲ್ಲ, ಅದನ್ನು ದುರುದ್ದೇಶದಿಂದ ನೋಂದಾಯಿಸಿ ದುರುದ್ದೇಶದಿಂದಲೇ ಬಳಸಲಾಗುತ್ತಿದೆ. ಆಸ್ಟ್ರೇಲಿಯದ ದೂರವಾಣಿ ಕಂಪನಿ ಟೆಲ್‌ಸ್ಟ್ರಾದ ಹೆಸರಿಗೆ ಡಾಟ್ ಆರ್ಗ್ ಸೇರಿಸಿ ಯಾರೋ ನೋಂದಾಯಿಸಿದ್ದರು, ಆದರೆ ಅಲ್ಲಿ ತಾಣವೂ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಬಳಸದೇ ಇರುವುದನ್ನು ‘ದುರುದ್ದೇಶದ ಬಳಕೆ’ ಎನ್ನುವುದು ಹೇಗೆ? ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಅಡಿಯಲ್ಲಿ ಇದನ್ನು ಆಲಿಸಿದ ಪಂಚರು, ಹೆಸರು ಅಷ್ಟು ಪ್ರಸಿದ್ಧವಾಗಿರುವಾಗ, ಹಿಡಿದವರು ತಮ್ಮ ಗುರುತನ್ನು ಮರೆಸಿ ಸುಳ್ಳು ವಿಳಾಸ ಕೊಟ್ಟಿರುವಾಗ, ನ್ಯಾಯವಾದ ಯಾವ ಬಳಕೆಯನ್ನೂ ಊಹಿಸಲು ಸಾಧ್ಯವಿಲ್ಲದಿರುವಾಗ ಸುಮ್ಮನೆ ಹಿಡಿದು ಕೂತಿರುವುದೂ ಒಂದು ಬಳಕೆಯೇ ಎಂದು ತೀರ್ಮಾನಿಸಿದರು. ನಿಷ್ಕ್ರಿಯ ಹಿಡಿತ ಎಂದು ಕರೆಯಬಹುದಾದ ಈ ತತ್ತ್ವ ಅಂದಿನಿಂದ ಖಾಲಿ ಹೆಸರುಗಳ ವ್ಯಾಜ್ಯಗಳಿಗೆ ಅಳತೆಗೋಲಾಗಿದೆ. ಗಮನಿಸಬೇಕಾದದ್ದೆಂದರೆ, ಖಾಲಿತನ ತಾನಾಗಿ ಅಪರಾಧ ಎಂದು ಅವರು ಹೇಳಲಿಲ್ಲ. ಖಾಲಿತನದ ಸುತ್ತಲಿನ ನಡವಳಿಕೆಯನ್ನು ನೋಡಿದರು.

ಭಾರತದ ಡಾಟ್ ಇನ್ ವ್ಯಾಜ್ಯ ನೀತಿ ಇದಕ್ಕಿಂತ ಎರಡು ಹೆಜ್ಜೆ ಮುಂದಿದೆ. ಅದರಲ್ಲಿ ದುರುದ್ದೇಶದ ನೋಂದಣಿ ಅಥವಾ ದುರುದ್ದೇಶದ ಬಳಕೆ, ಎರಡರಲ್ಲಿ ಒಂದಿದ್ದರೆ ಸಾಕು. ಮತ್ತು ದೂರುದಾರರಿಗೆ ಟ್ರೇಡ್‌ಮಾರ್ಕ್ ಮಾತ್ರವಲ್ಲ, ‘ಹೆಸರಿನ’ ಮೇಲೆ ಹಕ್ಕಿದ್ದರೂ ಸಾಕು. ನ್ಯಾಯಾಲಯಗಳೂ ಈ ದಿಕ್ಕಿನಲ್ಲಿಯೇ ನಡೆದಿವೆ. 1999ರಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಯಾಹೂ ಪ್ರಕರಣದಲ್ಲಿ, ಅದೇ ವರ್ಷ ಮುಂಬಯಿ ಉಚ್ಚ ನ್ಯಾಯಾಲಯ ‘ರೆಡಿಫ್’ಗೆ ಒಂದೇ ಸ್ವರ ಬದಲಿಸಿ ‘ರಾಡಿಫ್’ ಎಂದು ಹಿಡಿದ ಪ್ರಕರಣದಲ್ಲಿ ಮೂಲ ಹೆಸರಿನವರ ಪರವಾಗಿ ನಿಂತವು. 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಡೊಮೇನ್ ಹೆಸರಿಗೆ ಟ್ರೇಡ್‌ಮಾರ್ಕಿನ ಎಲ್ಲ ಲಕ್ಷಣಗಳೂ ಇವೆ ಎಂದಿತು. 2025ರ ಆಗಸ್ಟಿನಿಂದ ಮುಂಬಯಿ ಉಚ್ಚ ನ್ಯಾಯಾಲಯದ ಕೊಲ್ಹಾಪುರ ಪೀಠದ ವ್ಯಾಪ್ತಿಗೆ ಸೊಲ್ಲಾಪುರ ಜಿಲ್ಲೆಯೂ ಸೇರಿರುವುದರಿಂದ ಇಲ್ಲಿಯವರು ಇಂಥ ದಾವೆಗಳ ಮೇಲ್ಮನವಿಗೆ ಮುಂಬಯಿಯವರೆಗೆ ಹೋಗಬೇಕಾಗಿಲ್ಲ.

ಸೊಲ್ಲಾಪುರದ ಚಾದರಿಗೆ ಈ ರಕ್ಷಣೆ ಎಷ್ಟು ದಕ್ಕುತ್ತದೆ ಎಂಬುದು ಬೇರೆ ಮಾತು. ಸೊಲ್ಲಾಪುರಿ ಚಾದರ್ ಮತ್ತು ಇಲ್ಲಿಯ ಟೆರಿ ಟವೆಲ್ ಎರಡೂ ಭೌಗೋಳಿಕ ಗುರುತಿನ ನೋಂದಣಿ ಪಡೆದಿವೆ. ಚಾದರಿಗೆ ಅದು ಸಿಕ್ಕದ್ದು 2005ರಲ್ಲಿ. ಭೌಗೋಳಿಕ ಗುರುತು ಎಂದರೆ ಒಂದು ಊರಿನ ಮಣ್ಣು, ಕಸುಬು, ಕೈಚಳಕಗಳಿಂದ ಬಂದ ಗುಣವುಳ್ಳ ಸರಕಿಗೆ ಆ ಊರಿನ ಹೆಸರನ್ನು ಅಲ್ಲಿಯ ಉತ್ಪಾದಕರು ಮಾತ್ರ ಬಳಸಬಹುದೆಂಬ ಸಾಮೂಹಿಕ ಹಕ್ಕು. ಬೇರೆ ಕಡೆ ನೆಯ್ದ ಚಾದರಿಗೆ ಸೊಲ್ಲಾಪುರದ ಚೀಟಿ ಅಂಟಿಸಿದರೆ ಅದರ ಬಲದಿಂದ ಕೇಳಬಹುದು. ಆದರೆ ‘ಸೊಲ್ಲಾಪುರ ಚಾದರ್’ ಎಂಬ ಡೊಮೇನ್ ಹೆಸರನ್ನು ದೂರದ ಯಾರೋ ಹಿಡಿದು ಖಾಲಿ ಇಟ್ಟರೆ ಐಕ್ಯಾನಿನ ನೀತಿ ಕೈಹಿಡಿಯುವುದಿಲ್ಲ, ಏಕೆಂದರೆ ಅದು ಟ್ರೇಡ್‌ಮಾರ್ಕನ್ನಷ್ಟೇ ಕೇಳುತ್ತದೆ. ಭೌಗೋಳಿಕ ಗುರುತುಗಳನ್ನೂ ಅದರೊಳಗೆ ತರಬೇಕೇ ಎಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ 2001ರಲ್ಲಿ ಪರಿಶೀಲಿಸಿ, ದೇಶದೇಶಗಳ ಕಾನೂನುಗಳು ಒಂದಾಗಿಲ್ಲವೆಂಬ ಕಾರಣಕ್ಕೆ ಹಿಂದೆ ಸರಿಯಿತು. ಬರಿಯ ಊರ ಹೆಸರಿನ ಗತಿಯೂ ಇದೇ. ಬಾರ್ಸಿಲೋನಾ ಡಾಟ್ ಕಾಮ್ ಹೆಸರನ್ನು 2000ದಲ್ಲಿ ಪಂಚರು ಆ ನಗರದ ಪಾಲಿಕೆಗೆ ಕೊಡಿಸಿದರು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಊರ ಹೆಸರು ಯಾರೊಬ್ಬರ ಟ್ರೇಡ್‌ಮಾರ್ಕೂ ಅಲ್ಲವೆಂದು ಮೊದಲು ಹಿಡಿದವರಿಗೇ ಮರಳಿಸಿತು. ಹೀಗಿರುವಾಗ ನೇಕಾರರ ಸಂಘಗಳಿಗೆ ಡಾಟ್ ಇನ್ ನೀತಿಯ ‘ಹೆಸರು’ ಎಂಬ ಒಂದು ಪದವೇ ಹೆಚ್ಚಿನ ಆಸರೆ. ಚಾದರಿಗೆ ಗುರುತು ಕೊಡುವಾಗಲೇ ಅದರ ಡಾಟ್ ಇನ್ ಹೆಸರುಗಳನ್ನು ಉತ್ಪಾದಕರ ಸಂಘಕ್ಕೆ ಕಾದಿರಿಸಿದ್ದರೆ ಎರಡು ಸರಕಾರಿ ಕಚೇರಿಗಳ ನಡುವಿನ ಒಂದು ಪತ್ರದಲ್ಲಿ ಕೆಲಸ ಮುಗಿಯುತ್ತಿತ್ತು.

ಇನ್ನು ಉಳಿದದ್ದು ಎಲ್ಲಕ್ಕಿಂತ ಅಪಾಯದ ಬಗೆ, ಹಿಂದೆ ಬಳಸಿ ಕೈಬಿಟ್ಟ ಹೆಸರು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಕೂಡಲೇ ಅದು ಬೇರೆಯವರ ಪಾಲಾಗುವುದಿಲ್ಲ. ಮೊದಲು 45 ದಿನಗಳವರೆಗೆ ಮಾಮೂಲಿ ದರದಲ್ಲಿ ನವೀಕರಿಸಲು ಸಮಯವಿರಬಹುದು, ಇದು ರಿಜಿಸ್ಟ್ರಾರರ ಮರ್ಜಿ. ಅಳಿಸಿದ ಮೇಲೆ 30 ದಿನ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಯ 5 ದಿನ ಯಾರೂ ಏನೂ ಮಾಡಲಾಗದು. ಅದು ದಾಟಿದ ಕ್ಷಣ, ಇಂಥ ಬೀಳುವ ಹೆಸರುಗಳಿಗಾಗಿಯೇ ಯಂತ್ರಗಳನ್ನು ಕಾವಲಿಟ್ಟವರು ಅದನ್ನು ಎತ್ತಿಕೊಳ್ಳುತ್ತಾರೆ. ಹೊಸ ಹೆಸರಿಗಿಂತ ಹಳೆಯದಕ್ಕೆ ಬೆಲೆ ಹೆಚ್ಚು, ಏಕೆಂದರೆ ಅದರ ಬಾಗಿಲಿಗೆ ಜನ ಈಗಾಗಲೇ ಬರುತ್ತಿದ್ದಾರೆ. ಒಡೆಯ ಬದಲಾದದ್ದು ಬರುವವರಿಗೆ ತಿಳಿಯುವುದಿಲ್ಲ. ಹಳೆಯ ಹೆಸರಿನ ಮಿಂಚಂಚೆಗಳೂ ಹೊಸ ಒಡೆಯನಿಗೇ ತಲುಪುತ್ತವೆ.

ಅಕ್ಕಲಕೋಟೆಯಂಥ ಕ್ಷೇತ್ರಕ್ಕೆ ಇದು ತೂಗಿ ನೋಡಬೇಕಾದ ಮಾತು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನಕ್ಕೆ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳಿಂದ ವರ್ಷವಿಡೀ ಜನ ಬರುತ್ತಾರೆ. ವಟವೃಕ್ಷ ದೇವಸ್ಥಾನ, ಅನ್ನಛತ್ರ ಮಂಡಳ, ಭಕ್ತನಿವಾಸಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಫೋನಿನಲ್ಲಿ ಹುಡುಕುತ್ತಾರೆ. ಚಾರ್‌ಧಾಮ, ಸೋಮನಾಥ ಮುಂತಾದ ಕ್ಷೇತ್ರಗಳ ವಸತಿ, ಹೆಲಿಕಾಪ್ಟರ್ ಬುಕಿಂಗುಗಳ ನಕಲಿ ತಾಣಗಳ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟು, ಮೋಸ ಹೋದವರು 1930 ಸಂಖ್ಯೆಗೆ ಕರೆ ಮಾಡಬೇಕೆಂದು ತಿಳಿಸಿತು. ಯಾತ್ರೆಯ ಊರಿನ ಹೆಸರಿಗೆ ಹತ್ತಿರದ ಪ್ರತಿಯೊಂದು ಖಾಲಿ ಹೆಸರೂ ಮೋಸಗಾರನಿಗೆ ತೆರೆದ ಅಂಗಡಿಯಾಗಬಲ್ಲದು. ಇಂಥಲ್ಲಿ ದೇವಸ್ಥಾನವೊಂದು ಹತ್ತು ಹೆಸರು ಹಿಡಿದು ಒಂಬತ್ತನ್ನು ಖಾಲಿ ಇಟ್ಟರೆ ಅದನ್ನು ದುಂದು ಎನ್ನುವಂತಿಲ್ಲ, ದೀಪಕ್ಕೆ ಎಣ್ಣೆ ಹಾಕಿದಷ್ಟೇ ನ್ಯಾಯವಾದ ಖರ್ಚು ಅದು.

ಬ್ಯಾಂಕುಗಳ ಸಂಗತಿ ಇನ್ನೂ ಹತ್ತಿರದ್ದು. ಗ್ರಾಹಕರು ನಕಲಿ ತಾಣಗಳಿಂದ ಮೋಸ ಹೋಗುವುದನ್ನು ತಪ್ಪಿಸಲು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಕೊನೆಗೆ ಸರಿಯಬೇಕೆಂದು ಆದೇಶಿಸಿತು. ಈ ಹೆಸರುಗಳನ್ನು ಕೊಡುವ ಅಧಿಕಾರ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೊಂದಕ್ಕೇ ಇರುವುದರಿಂದ ಬ್ಯಾಂಕಲ್ಲದವರು ಅವನ್ನು ಹಿಡಿಯಲಾರರು. ಕ್ರಮ ಒಳ್ಳೆಯದು. ಆದರೆ ಇದರಿಂದ ಒಂದೇ ವರ್ಷದಲ್ಲಿ ದೇಶದ ನಗರ ಸಹಕಾರಿ ಬ್ಯಾಂಕುಗಳೆಲ್ಲದರ ಹಳೆಯ ಹೆಸರುಗಳು ಬಳಕೆಯಿಂದ ಹೊರಬೀಳುವಂತಾಯಿತು, ಸಹಕಾರಿ ಬ್ಯಾಂಕುಗಳ ಬೀಡಾದ ಸೊಲ್ಲಾಪುರ ಜಿಲ್ಲೆಯವೂ ಸೇರಿ. ಪಾಸ್‌ಬುಕ್ಕಿನ ಹಿಂಬದಿಯಲ್ಲಿ, ಕ್ಯಾಲೆಂಡರಿನಲ್ಲಿ, ಶಾಖೆಯ ಬೋರ್ಡಿನಲ್ಲಿ ಅಚ್ಚಾಗಿರುವ ಆ ಹಳೆಯ ಹೆಸರನ್ನು ಎರಡು ವರ್ಷಗಳ ಮೇಲೆ ಯಾವುದೋ ಆಡಿಟಿನಲ್ಲಿ ‘ಅನವಶ್ಯಕ ಖರ್ಚು’ ಎಂದು ಬಿಟ್ಟುಕೊಟ್ಟರೆ ಹೊಸ ಕೊನೆಯಿಂದ ಬಂದ ಭದ್ರತೆಯಲ್ಲಿ ಅರ್ಧ ಹೋದಂತೆಯೇ. ಹಳೆಯ ಹೆಸರನ್ನು ಬ್ಯಾಂಕು ಇರುವಷ್ಟು ಕಾಲವೂ ಹಿಡಿದು, ಖಾಲಿಯಾಗಿ ನಿಲ್ಲಿಸಿ, ಬಂದವರನ್ನು ಹೊಸ ವಿಳಾಸಕ್ಕೆ ದಾಟಿಸುತ್ತಿರಬೇಕು.

ಸಣ್ಣ ಸಂಸ್ಥೆಗಳಲ್ಲಿ ಹೆಸರು ಕೈಬಿಡುವುದಕ್ಕೆ ಹಣದ ಕೊರತೆಗಿಂತ ಬೇರೆ ಕಾರಣವೇ ಹೆಚ್ಚು. ಮಠ, ಶಿಕ್ಷಣ ಸಂಸ್ಥೆ, ಸಂಘಗಳ ಹೆಸರನ್ನು ಸಾಮಾನ್ಯವಾಗಿ ತಾಣ ಕಟ್ಟಿಕೊಟ್ಟ ಹುಡುಗ ತನ್ನ ಮಿಂಚಂಚೆಯಿಂದ, ತನ್ನ ಖಾತೆಯಲ್ಲಿ ನೋಂದಾಯಿಸಿರುತ್ತಾನೆ. ಮೂರು ವರ್ಷದ ಮೇಲೆ ಅವನು ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋಗುತ್ತಾನೆ, ನವೀಕರಣದ ಸೂಚನೆ ಅವನು ಬಿಟ್ಟುಹೋದ ಅಂಚೆಪೆಟ್ಟಿಗೆಗೆ ಬರುತ್ತದೆ, ಕಾರ್ಯಕಾರಿ ಮಂಡಳಿಗೆ ಗೊತ್ತಾಗುವುದು ತಾಣದ ಜಾಗದಲ್ಲಿ ಜಾಹೀರಾತು ಕಂಡಾಗ. 1950ರಲ್ಲಿ ಮೂವತ್ಮೂರನೆಯ ಕನ್ನಡ ಸಾಹಿತ್ಯ ಸಮ್ಮೇಳನವನ್ನು ನಡೆಸಿದ ಈ ನಗರ, ಸಮ್ಮೇಳನದ ಪೀಠವೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರನ್ನು ಕೊಟ್ಟ ಈ ನೆಲ ತನ್ನ ಕನ್ನಡ ಸಂಸ್ಥೆಗಳ ಕಾಗದಪತ್ರಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಕಾಯ್ದಿದೆ; ಜಾಲದಲ್ಲಿರುವ ಹೆಸರೂ ಆ ಕಪಾಟಿನೊಳಗಿನ ಕಾಗದವೇ.

ಆದ್ದರಿಂದ ಈ ಪಾಠವನ್ನು ಓದುವವರಲ್ಲಿ ಯಾವುದೇ ಸಂಸ್ಥೆಯ ಪದಾಧಿಕಾರಿಗಳಿದ್ದರೆ ಅವರಲ್ಲಿ ಒಂದು ವಿನಂತಿ. ಸಂಸ್ಥೆಯ ಡೊಮೇನ್ ಹೆಸರು ಯಾರ ಹೆಸರಿನಲ್ಲಿದೆ, ಯಾವ ಮಿಂಚಂಚೆಗೆ ಕಟ್ಟಿಕೊಂಡಿದೆ, ಯಾವ ದಿನ ಮುಗಿಯುತ್ತದೆ ಎಂಬ ಮೂರು ವಿವರಗಳನ್ನು ರಿಜಿಸ್ಟ್ರಾರರಿಂದ ತಿಳಿದುಕೊಂಡು, ಮುಂದಿನ ಸಭೆಯಲ್ಲಿಯೇ ಠರಾವು ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರ ಮತ್ತು ಕಾರ್ಯದರ್ಶಿಗಳ ಸಹಿ ಹಾಕಿಸಿಡಬೇಕು.